ಮುರುಡೇಶ್ವರದ ತೀರ್ಥ

ಹತ್ತು ಜೋಡಿ ಚಪ್ಪಲಿಗಳ ನಡುವೆ, ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಣ್ಣ ಹಾರಿದ ಕೊಡೆಯ ಕೆಳಗೆ ರಾಚಯ್ಯನವರು ಕೂತಿದ್ದರು. “ಅಯ್ಯಾರ, ನೀವು ಹೆಂಗೂ ನೀರಿಗೆ ಇಳ್ಯಾವ್ರಲ್ಲ. ಇವಷ್ಟು ನಿಮ್ಮ ಕಣ್ಣಾಗ ಇರ್ಲಿ” ಎಂದು ಸಂಗಮೇಶ ತನ್ನ ಚಪ್ಪಲಿ ಬಿಟ್ಟು ಹೋದದ್ದೇ ತಡ, ಇಳಕಲ್ಲಿನಿಂದ ಒಂದೇ ಗಾಡಿಯಲ್ಲಿ ಬಂದ ಅವನ ಬಳಗವೆಲ್ಲ ಒಬ್ಬೊಬ್ಬರಾಗಿ ಬಂದು ಚಪ್ಪಲಿ, ಕೈಚೀಲ, ಟವೆಲ್ಲು, ಕೊನೆಗೆ ಸಂಗಮೇಶನ ಮಾವ ತನ್ನ ಕಟ್ಟುಹಲ್ಲಿನ ಡಬ್ಬಿಯನ್ನೂ ಅವರ ಕಾಲಬುಡದಲ್ಲಿ ಇಟ್ಟು ಸಮುದ್ರದ ಕಡೆ ಓಡಿದ್ದರು. ಹಾಗೆ ಇಡುವಾಗ ಪ್ರತಿಯೊಬ್ಬರೂ ಬಗ್ಗಿದ್ದರು. ದೂರದಿಂದ ನೋಡಿದವರಿಗೆ ಭಕ್ತರು ಸಾಲಾಗಿ ಬಂದು ಜಂಗಮರಿಗೆ ಅಡ್ಡಬಿದ್ದು ಹೋದಂತೆಯೇ ಕಂಡಿರಬೇಕು ಎಂದು ರಾಚಯ್ಯನವರಿಗೆ ಅನ್ನಿಸಿ, ಮೂಗಿನ ಹೊಳ್ಳೆಗಳು ತಾವಾಗಿಯೇ ಅರಳಿದವು. ಮೂವತ್ತನಾಲ್ಕು ವರ್ಷ ಕನ್ನಡ ಸಾಲಿಯ ಮಾಸ್ತರಿಕೆ, ಅದರ ಜೊತೆಗೆ ಹುಟ್ಟಿನಿಂದ ಬಂದ ಅಯ್ಯತನ. ಇವೆರಡೂ ಸೇರಿ ಅವರ ಮೂಗನ್ನು ಹೀಗೆ ಪಳಗಿಸಿದ್ದವು. ತಪ್ಪು ಎಲ್ಲೇ ಇರಲಿ, ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು.

ಈ ಮುರುಡೇಶ್ವರದ ದಂಡೆಯಲ್ಲಿ ಮೂಗಿಗೆ ಬಿಡುವೇ ಇರಲಿಲ್ಲ. ಒಣಮೀನಿನ ವಾಸನೆ, ಸುಟ್ಟ ಗೋವಿನಜೋಳದ ವಾಸನೆ, ಮೈಗೆ ಬಳಿದುಕೊಂಡ ಬಿಳಿ ಮುಲಾಮಿನ ವಾಸನೆ. ನೀರಿನ ಮೇಲೆ ಓಡುವ ಸ್ಕೂಟರಿನ ಹಿಂದೆ ಕೂತ ಹೆಣ್ಣುಮಗಳೊಬ್ಬಳು ಕುತ್ತಿಗೆ ಕೊಯ್ದ ಹಾಗೆ ಕಿರುಚುತ್ತಿದ್ದಳು. ಇಳಿದ ಮೇಲೆ ಇನ್ನೊಮ್ಮೆ ಕಿರುಚಬೇಕೆಂದು ಮತ್ತೆ ಹತ್ತುತ್ತಿದ್ದಳು. ಬಾಳೆಹಣ್ಣಿನ ಆಕಾರದ ಹಳದಿ ರಬ್ಬರು ದೋಣಿಯ ಮೇಲೆ ಆರು ಜನ ಗಂಡಸರು ಒಬ್ಬರನ್ನೊಬ್ಬರು ತಬ್ಬಿ ಕೂತಿದ್ದರು. ಎಳೆದೊಯ್ಯುವ ಬೋಟಿನವನು ಬೇಕೆಂದೇ ತಿರುವಿ ಅವರನ್ನು ನೀರಿಗೆ ಚೆಲ್ಲುತ್ತಿದ್ದ. ಬೀಳಿಸಿಕೊಳ್ಳುವುದಕ್ಕೆಂದೇ ಸರದಿಯಲ್ಲಿ ನಿಲ್ಲುವ ಜನ! ಗುಡ್ಡದ ಮೇಲೆ ಆಕಾಶಕ್ಕೆ ತಲೆ ಕೊಟ್ಟು ಕೂತ ಶಿವನ ಮೂರ್ತಿಗೆ ಬೆನ್ನು ತಿರುಗಿಸಿ ನಿಂತು, ಅಂಗೈ ಅಗಲಿಸಿ, ಶಿವ ತಮ್ಮ ಅಂಗೈಯಲ್ಲೇ ಕೂತ ಹಾಗೆ ಮೊಬೈಲಿನಲ್ಲಿ ಫೋಟೊ ಹೊಡೆಸಿಕೊಳ್ಳುತ್ತಿದ್ದವರಂತೂ ಲೆಕ್ಕವಿಲ್ಲ. “ಸ್ವಲ್ಪ ಎತ್ತು, ಸ್ವಲ್ಪ ಇಳಿಸು, ಹಾಂ, ಈಗ ಕುಂತ ನೋಡು” ಎಂದು ಕೂಗುವ ಗಂಡ. ಅಂಗೈ ಎತ್ತಿಳಿಸುವ ಹೆಂಡತಿ. ದಿನಾ ಬೆಳಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂರುವ ರಾಚಯ್ಯನವರಿಗೆ ಇದಕ್ಕಿಂತ ದೊಡ್ಡ ಅಪಹಾಸ್ಯ ಬೇರೆ ಬೇಕಿರಲಿಲ್ಲ.

ಇನ್ನು ಈ ಸಮುದ್ರ. ಬಾಗಲಕೋಟೆಯ ಸೇತುವೆಯ ಮೇಲೆ ನಿಂತು ಆಲಮಟ್ಟಿಯ ಹಿನ್ನೀರು ನೋಡಿದವರಿಗೆ ನೀರಿನ ರಾಶಿ ಹೊಸತಲ್ಲ. ಆ ನೀರಿಗೆ ಒಂದು ಮರ್ಯಾದೆ ಇತ್ತು. ಊರು ಮುಳುಗಿಸಿದ ಮೇಲೂ ಗಂಭೀರವಾಗಿ, ಏನೂ ಆಗಿಲ್ಲವೆಂಬಂತೆ ನಿಂತಿರುತ್ತಿತ್ತು. ಇದು ಕೆಲಸವಿಲ್ಲದ ಮನುಷ್ಯ ಕಟ್ಟೆಯಿಂದ ಕಟ್ಟೆಗೆ ಅಲೆದ ಹಾಗೆ ಬರುತ್ತದೆ, ಹೋಗುತ್ತದೆ, ಬಾಯಿಂದ ನೊರೆ ಬಿಡುತ್ತದೆ, ಒಂದು ಬೊಗಸೆ ಕುಡಿಯಲಿಕ್ಕೂ ಬರುವುದಿಲ್ಲ. ಇಂಥದ್ದಕ್ಕೆ ಇವರು ರಾತ್ರಿಯಿಡೀ ಗಾಡಿಯಲ್ಲಿ ಕುಕ್ಕರಿಸಿ ಬಂದಿದ್ದಾರೆ. ಮುಂಜಾನೆ ಮುರುಡೇಶ್ವರ, ಮಧ್ಯಾಹ್ನ ಹೊನ್ನಾವರ. ಇಲ್ಲಿ ಅಲೆ, ಅಲ್ಲಿ ದೋಣಿ. ಎರಡೂ ಊರಿನ ಹೆಸರನ್ನು ಸಂಗಮೇಶ ಹದಿನೈದು ದಿನದಿಂದ ಜೋಡಿಸಿಯೇ ಹೇಳುತ್ತಿದ್ದ, ತನ್ನ ಅಂಗಡಿಯಲ್ಲಿ ಸೀರೆಗೆ ಕುಪ್ಪಸದ ಖಣ ಜೋಡಿಸಿ ತೋರಿಸುವ ಹಾಗೆ.

ರಾಚಯ್ಯನವರನ್ನು ಯಾರೂ ಅಲೆ ನೋಡಲಿಕ್ಕೆ ಕರೆತಂದಿರಲಿಲ್ಲ. ಸಂಗಮೇಶನ ತಾಯಿ ಬಸವೇಶ್ವರಿಯವ್ವನ ನೇಮಕ್ಕಾಗಿ ಅವರು ಬಂದಿದ್ದರು. ಇಪ್ಪತ್ತೆರಡು ವರ್ಷಗಳಿಂದ ದಿನಾ, ನೌಕರಿ ಇದ್ದಾಗ ಸಾಲಿಗೆ ಹೋಗುವ ಮುಂಚೆ, ನಿವೃತ್ತಿಯಾದ ಮೇಲೆ ಹನ್ನೊಂದಕ್ಕೆ, ರಾಚಯ್ಯನವರು ಆ ಮನೆಗೆ ಹೋಗಿ, ಲಿಂಗಪೂಜೆ ಮಾಡಿ, ಲಿಂಗದ ಮೇಲೆ ಎರೆದ ನೀರನ್ನು ಮೂರು ಸಲ ಆಕೆಯ ಅಂಗೈಗೆ ಹಾಕಬೇಕು. ಆ ತೀರ್ಥ ಗಂಟಲಿಗೆ ಇಳಿದ ಮೇಲೆಯೇ ಆಕೆಯ ಬಾಯಿಗೆ ರೊಟ್ಟಿ. ಮಗ ನಾಲ್ಕು ಮಗ್ಗದಿಂದ ನಲವತ್ತು ಪಾವರ್‌ಲೂಮಿಗೆ ಬೆಳೆದರೂ, ಮೈಗೆ ಸಕ್ಕರೆ ಕಾಯಿಲೆ ಬಂದು ದಿನಾ ಸೂಜಿ ಚುಚ್ಚಿಸಿಕೊಳ್ಳುವಂತಾದರೂ ಆಕೆ ಇದನ್ನು ಬಿಡಲಿಲ್ಲ. ಎಪ್ಪತ್ತನಾಲ್ಕು ವರ್ಷದ ಆ ಮುದುಕಿ ತನ್ನೆದುರು ಅಂಗೈ ಒಡ್ಡಿದಾಗ ರಾಚಯ್ಯನವರಿಗೆ ಒಳಗೆಲ್ಲೋ ತಂಪಾಗುತ್ತಿತ್ತು. ಅದು ಭಕ್ತಿಯ ತಂಪೋ ಬೇರೆ ಯಾವುದರದೋ, ಅವರು ಕೆದಕಿ ನೋಡಿರಲಿಲ್ಲ. ಈಗ ಆಕೆ ಗಾಡಿ ನಿಲ್ಲಿಸಿದ ಗಾಳಿಮರದ ನೆರಳಲ್ಲಿ ಡ್ರೈವರ್ ಹುಲ್ಲಪ್ಪನ ಜೊತೆ ಮಾತಾಡುತ್ತ ಕೂತಿದ್ದಳು.

ಬೆಳಗ್ಗೆ ಗಾಡಿ ಇಳಿದ ಕೂಡಲೇ ಆದದ್ದು ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು. ಬಾಯಲ್ಲಿ ಉಳಿದ ಲವಂಗದ ಹಾಗೆ ಅದನ್ನು ಚೀಪುತ್ತಿದ್ದರು. ಸಂಗಮೇಶ ಅಂಗಿ ಬಿಚ್ಚಿದವನೇ ಕೊರಳಿನ ಬೆಳ್ಳಿ ಕರಡಿಗೆಯನ್ನು, ಒಳಗಿನ ಲಿಂಗದ ಸಮೇತ, ತೆಗೆದು ಹೆಂಡತಿ ಶಿವಗಂಗಾಳ ಕೈಗೆ ಕೊಟ್ಟಿದ್ದ. “ಉಪ್ಪುನೀರಿಗೆ ಬೆಳ್ಳಿ ಕರ್ರಗಾಗ್ತೈತಿ, ಚೀಲದಾಗ ಇಡು.” ರಾಚಯ್ಯನವರು ಬಿಡಲಿಲ್ಲ. ಎಲ್ಲರಿಗೂ ಕೇಳುವಂತೆ, ಸಾಲಿಯ ಕಡೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ ಅಂದರು: “ತಮ್ಮಾ, ಹಂಗಾರ ಜೀವಾನೂ ತಗದು ಚೀಲದಾಗ ಇಟ್ಟು ಹೋಗು. ತೋಯ್ದೀತು.” ಬಳಗದ ಹೆಂಗಸರು ಸೆರಗು ಬಾಯಿಗೆ ಹಚ್ಚಿದರು. ಬಸವೇಶ್ವರಿಯವ್ವ “ಕೇಳಿಸ್ಕೋ, ಕೇಳಿಸ್ಕೋ” ಎಂದಳು. ಸಂಗಮೇಶ ನಗಲಿಕ್ಕೆ ನೋಡಿದ, ನಗು ಅರ್ಧಕ್ಕೆ ನಿಂತಿತು. “ಹಂಗಲ್ರಿ ಅಯ್ಯಾರ, ಕೊರಳಾಗ ಇಟ್ಕೊಂಡು ಅದನ್ನ ಕಳಕೊಂಡ್ರ?” “ಲಿಂಗ ಇದ್ದಾಂವಗ ಕಳಿಯೂ ಅಂಜಿಕಿ ಇರೂದಿಲ್ಲ” ಎಂದು ರಾಚಯ್ಯನವರು ಮಾತು ಮುಗಿಸಿದ್ದರು. ಎಂಥ ಮಾತು! ನೆನೆದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು.

“ಏನ್ರೀ!” ದನಿ ಕೇಳಿ ತಲೆ ಎತ್ತಿದರು. ಅವರ ಹೆಂಡತಿ ಬನಶಂಕರಿ, ಮೊಣಕಾಲು ತನಕ ನೀರಿನಲ್ಲಿ, ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅಲೆ ಬಂದಾಗ ಹಿಂದಕ್ಕೆ ಜಿಗಿದು, ಹೋದಾಗ ಅದರ ಬೆನ್ನು ಹತ್ತಿ ಓಡುತ್ತಿದ್ದಳು. ಐವತ್ತೆಂಟು ವರ್ಷದ ಹೆಂಗಸು. ಮಂಡಿನೋವೆಂದು ಮನೆಯ ಮೆಟ್ಟಿಲು ಹತ್ತದವಳು. “ಬರ್ರಿ ಅಂದ್ರ! ಬರೇ ಕಾಲರ ತೋಯಿಸ್ಕೋರಿ, ತಂಪ್ ಹತ್ತೈತಿ!” ಪಕ್ಕದಲ್ಲಿ ಸೊಂಟ ಮಟ್ಟ ನಿಂತ ಸಂಗಮೇಶ ಕೂಗಿದ: “ಬಿಡ್ರಿ ಅಕ್ಕಾರ, ಅಯ್ಯಾರಿಗೆ ನೀರಿನ ಅಂಜಿಕಿ ಐತಿ. ಎಲ್ಲಿ ಬೆಳ್ಳಿ ಕರ್ರಗಾದೀತು!” ಎಲ್ಲರೂ ನಕ್ಕರು. ಬನಶಂಕರಿಯೂ ನಕ್ಕಳು; ಅವಳ ನಗು ಎಲ್ಲರದಕ್ಕಿಂತ ಒಂದು ಚೂರು ಉದ್ದವಾಗಿ ಕೇಳಿಸಿತು.

ರಾಚಯ್ಯನವರು ಎದ್ದರು. ಆ ಗುಂಪಿನ ಕಡೆ ಹೋಗಲಿಲ್ಲ. ಚಪ್ಪಲಿ ಕಾಯುವುದನ್ನು ಅಲ್ಲಿಗೇ ಬಿಟ್ಟು, ದಂಡೆಗುಂಟ ಎಡಕ್ಕೆ, ಮೀನಿನ ದೋಣಿಗಳನ್ನು ಮಗುಚಿ ಇಟ್ಟ ಕಡೆ ನಡೆದರು. ಅಲ್ಲಿ ಜನ ಕಡಿಮೆ ಇದ್ದರು. ಅಂಗಿ ಬಿಚ್ಚಿ ದೋಣಿಯ ಮೇಲಿಟ್ಟು, ಧೋತರದ ಕಚ್ಚೆ ಬಿಗಿದು, ಎದೆಯ ಮೇಲಿನ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು. ತೆಗೆದಿಡಬಹುದಿತ್ತು. ಮಡಿಚಿದ ಅಂಗಿಯೊಳಗೆ ಇಟ್ಟರೆ ಯಾರಿಗೆ ತಿಳಿಯುತ್ತಿತ್ತು? ಅದನ್ನು ಕಟ್ಟಿದ ಶಿವದಾರ ಹಳೆಯದಾಗಿತ್ತು, ಎಳೆ ಎದ್ದಿದೆ, ಬದಲಿಸಿಕೊಳ್ಳಿ ಎಂದು ಬನಶಂಕರಿ ಹೇಳುತ್ತಲೇ ಇದ್ದಳು. ಆದರೆ ಬೆಳಗಿನ ಆ ಮಾತು ಬೆನ್ನ ಹಿಂದೆ ನಿಂತಿತ್ತು. ಅಷ್ಟು ದೊಡ್ಡ ಮಾತು ಆಡಿದವನು ಒಬ್ಬನೇ ಇದ್ದಾಗಲೂ ಅದರ ಗೌರವ ಕಾಯಬೇಕಾಗುತ್ತದೆ. ಇಳಿದರು.

ಮೊದಲ ಅಲೆ ಪಾದ ತೊಳೆದು ಹೋಯಿತು. ಕಾಲಕೆಳಗಿನ ಮರಳನ್ನು ಯಾರೋ ಮೆಲ್ಲಗೆ ಕದ್ದೊಯ್ದ ಹಾಗೆ ಹಿಮ್ಮಡಿ ಕುಸಿಯಿತು. ಇನ್ನೊಂದು ಹೆಜ್ಜೆ, ಇನ್ನೊಂದು. ನೀರು ಹೊಟ್ಟೆಗೆ ಮುಟ್ಟಿದಾಗ ಉಸಿರು ಒಳಕ್ಕೆ ಎಳೆಯಿತು. ಚಿಕ್ಕಂದಿನಲ್ಲಿ ಕಮತಗಿಯ ಬಾವಿಯ ಮೆಟ್ಟಿಲ ಮೇಲೆ ಹೀಗೆಯೇ ಉಸಿರು ಎಳೆದುಕೊಂಡು ನಿಂತು, ಅಪ್ಪ ಹಿಂದಿನಿಂದ ನೂಕಿ, ಮುಳುಗಿ ಎದ್ದು, ಅಳಬೇಕೋ ನಗಬೇಕೋ ತಿಳಿಯದೆ ಇಡೀ ಬಾವಿ ತುಂಬ ತನ್ನ ದನಿಯೇ ತಿರುಗಿ ಬಂದದ್ದು, ಅಪ್ಪ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡದ್ದು. ಅಪ್ಪನ ನಗು ಅದೊಂದೇ ಸಲ ನೋಡಿದ್ದು. ಆಮೇಲೆ ಅಪ್ಪನೂ ನಗಲಿಲ್ಲ, ತಾನೂ ನಗಲಿಲ್ಲ. ಅಯ್ಯಗಳು ಹಲ್ಲು ಬಿಡಬಾರದು. ಅಲೆಯೊಂದು ಎದ್ದು ಬಂದು ಎದೆಗೆ ಹೊಡೆಯಿತು, ಕಾಲು ತೇಲಿದವು, ಮೈ ಹಗುರಾಗಿ ಮೇಲೆದ್ದಿತು, ಯಾರೋ ಕೂಗಿದ ಹಾಗಾಯಿತು. ಕೂಗಿದವರು ತಾವೇ. ಅರವತ್ಮೂರು ವರ್ಷದ ರಾಚಯ್ಯನವರು ನೀರಿನಲ್ಲಿ ಒಬ್ಬರೇ ನಿಂತು ಹೋ ಎಂದು ನಗುತ್ತಿದ್ದರು. ಇನ್ನೊಂದು ಬರಲಿ ಎಂದು ಕೈ ಚಾಚಿದರು, ಬಂತು. ಮತ್ತೊಂದು ಬಂತು. ಮೂರನೆಯದು ತಲೆಯ ಮೇಲೆ ಒಡೆದು, ಕಿವಿ ಮೂಗು ತುಂಬಿಸಿ, ಮಗುಚಿ ಹಾಕಿ ಮರಳಿಗೆ ಉಜ್ಜಿ ಬಿಟ್ಟಿತು. ಕೆಮ್ಮುತ್ತ, ಉಗುಳುತ್ತ, ಇನ್ನೂ ನಗುತ್ತ ಎದ್ದು ನಿಂತಾಗ ಕೊರಳು ಹಗುರವಾಗಿತ್ತು.

ಕೈ ಎದೆಗೆ ಹೋಯಿತು. ಎದೆ ಇತ್ತು, ಅದರ ಬಿಳಿಕೂದಲು ಇತ್ತು. ಮತ್ತೇನೂ ಇರಲಿಲ್ಲ.

ಬಗ್ಗಿ ಮರಳು ಬಾಚಿದರು. ಬೊಗಸೆಯಲ್ಲಿ ಬಂದದ್ದು ಕಪ್ಪೆಚಿಪ್ಪು, ಒಂದು ಬಾಟಲಿಯ ಮುಚ್ಚಳ. ಮುಂದಿನ ಅಲೆ ಬಂದು ಬಾಚಿದ ಗುರುತನ್ನೂ ಅಳಿಸಿತು. ಮಂಡಿಯೂರಿ, ಮುಖ ನೀರಿಗೆ ಹಚ್ಚಿ, ನಾಲ್ಕು ಕಾಲಿನ ಪ್ರಾಣಿಯ ಹಾಗೆ ಅತ್ತ ಇತ್ತ ಹರಿದಾಡುತ್ತಿದ್ದಾಗ ಸೀಟಿ ಕೇಳಿಸಿತು. ಹಳದಿ ಅಂಗಿಯ ಕಾವಲಿನವನು ದಂಡೆಯಿಂದ ಕೂಗುತ್ತಿದ್ದ: “ಏ ಅಜ್ಜ, ಮುಂದೆ ಹೋಗ್ಬೇಡಿ! ಎಂತ ಕಳ್ಕಂಡ್ರಿ? ಬಂಗಾರ?” ರಾಚಯ್ಯನವರು ಬಾಯಿ ತೆರೆದರು. ಹೇಳಿದ್ದರೆ ಅವನು ಇಳಿದು ಬರುತ್ತಿದ್ದನೇನೋ, ಇನ್ನಿಬ್ಬರನ್ನು ಕರೆಯುತ್ತಿದ್ದನೇನೋ, ಜನ ಸೇರುತ್ತಿತ್ತು, ಜನ ಸೇರಿದಲ್ಲಿ ಸಂಗಮೇಶನೂ ಬರುತ್ತಿದ್ದ. “ಏನಿಲ್ಲ” ಎಂದರು. “ಏನೂ ಕಳದಿಲ್ಲ.” ತಮ್ಮ ದನಿ ತಮಗೇ ಬಲು ಸಹಜವಾಗಿ ಕೇಳಿಸಿತು.

ಅರ್ಧ ತಾಸು ಹುಡುಕಿದರು. ಹುಡುಕುತ್ತ ಹುಡುಕುತ್ತ ಮಲಕಪ್ಪ ನೆನಪಾದ. ನೇಕಾರ ಮಲಕಪ್ಪ, ಆರು ವರ್ಷದ ಹಿಂದೆ, ಕಾಲುವೆಯಲ್ಲಿ ಈಜಲು ಹೋಗಿ ಲಿಂಗ ಕಳೆದುಕೊಂಡು, ಒದ್ದೆ ಬಟ್ಟೆಯಲ್ಲೇ ಓಡಿ ಬಂದು ರಾಚಯ್ಯನವರ ಬಾಗಿಲಲ್ಲಿ ನಿಂತು ಅತ್ತಿದ್ದ. ಹೊಸ್ತಿಲು ದಾಟಬೇಡ ಎಂದಿದ್ದರು. ಲಿಂಗ ಕಳೆದವನು ಬೇರೆಯದನ್ನು ಕಟ್ಟಿಸಿಕೊಳ್ಳುವ ತನಕ ಬಾಯಿಗೆ ನೀರು ಹಾಕಬಾರದು ಎಂದಿದ್ದರು; ಹಿಂದಿನವರಾಗಿದ್ದರೆ ಪ್ರಾಣವನ್ನೇ ಬಿಡುತ್ತಿದ್ದರು ಎಂದು, ಓಣಿಯ ಜನ ಕೇಳುತ್ತಿದ್ದಾರೆಂದು ಗೊತ್ತಿದ್ದೇ, ಸೇರಿಸಿದ್ದರು. ಹೊಸ ಲಿಂಗ ಕಟ್ಟುವುದಕ್ಕೆ ಕಾಲು ತಾಸು ಸಾಕಿತ್ತು. ಸಂಜೆಯ ತನಕ ಅವನನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಬನಶಂಕರಿ ಎರಡು ಸಲ ಬಂದು “ಪಾಪ, ಮಗ್ಗ ಬಿಟ್ಟು ಬಂದಾನ್ರಿ” ಎಂದಾಗ, ನೆನಪಿರಲಿ ಎಂದೇ ನಿಲ್ಲಿಸಿದ್ದು ಎಂದಿದ್ದರು. ನೆನಪಿತ್ತು, ಈಗ ಎಲ್ಲವೂ ನೆನಪಿತ್ತು. ಅವನ ಒದ್ದೆ ಧೋತರದಿಂದ ಕಟ್ಟೆಯ ಕಲ್ಲಿನ ಮೇಲೆ ಇಳಿದ ನೀರು, ಅದು ಒಣಗಿದ ರೀತಿ, ಒಳಗೆ ಕೂತು ಪುಸ್ತಕ ಹಿಡಿದು ಓದದೆ ಅದನ್ನೇ ತಾವು ನೋಡುತ್ತಿದ್ದದ್ದು.

ಅಂಗಿ ಹಾಕಿಕೊಂಡು ಮೇಲಿನ ಗುಂಡಿಯನ್ನೂ ಬಿಗಿದು ಗಾಳಿಮರದ ಹತ್ತಿರ ಬಂದಾಗ ಎಲ್ಲರೂ ಅವರನ್ನೇ ಕಾಯುತ್ತಿದ್ದರು. ಚಾಪೆ ಹಾಸಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರಿನ ಗಡಿಗೆ ಎಲ್ಲ ಬಿಚ್ಚಿಟ್ಟಿದ್ದರು. ಶಿವಗಂಗಾಳ ಮುಖ ಬಿಳಿಚಿತ್ತು. “ಎಲ್ಲಿ ಹೋಗಿದ್ರಿ ಅಯ್ಯಾರ? ಹನ್ನೊಂದಕ್ಕ ಬರ್ತೀರಿ ಅಂತ ಅತ್ತಿಗೆ ಸೂಜಿ ಮಾಡಿಬಿಟ್ಟೆ. ಮುಕ್ಕಾಲ ತಾಸ ಆತು. ಒಂದ್ ತುತ್ತು ಉಣ್ರಿ ಅಂದ್ರ ಒಲ್ಲೆ ಅಂತಾರ.” ಬಸವೇಶ್ವರಿಯವ್ವ ಮರಕ್ಕೆ ಒರಗಿ ಕೂತಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಮಡಿಲಿನ ಕೈಗಳು ನಡುಗುತ್ತಿದ್ದವು. ಬಲಗೈ ಆಗಲೇ ಬಟ್ಟಲಿನ ಹಾಗೆ ಮಡಿಚಿಕೊಂಡಿತ್ತು. “ಬಂದ್ರೇನ್ರಿ? ತ್ರಾಸ ಇಲ್ಲ, ಸಾವಕಾಶ ಮಾಡ್ರಿ” ಎಂದಳು, ನಾಲಗೆ ಒಂದಿಷ್ಟು ತೊದಲಿತು.

ಸಂಗಮೇಶ ಸಿಟ್ಟಿನಲ್ಲಿದ್ದ. “ಯವ್ವಾ, ಸಕ್ಕರಿ ಇಳದ್ರ ಈ ಊರಾಗ ಯಾವ ದವಾಖಾನಿ ಹುಡುಕ್ಲಿ? ಒಂದ್ ದಿನ ತೀರ್ಥ ಇಲ್ಲದ ಉಂಡ್ರ ಏನಾಗ್ತೈತಿ? ಹೇಳ್ರಿ ಅಯ್ಯಾರ, ನೀವರ ಹೇಳ್ರಿ.” ಈಗ ಹೇಳಬಹುದಿತ್ತು. ಉಣ್ಣವ್ವಾ, ನನ್ನಲ್ಲಿ ಲಿಂಗವಿಲ್ಲ, ಸಮುದ್ರದ ಪಾಲಾಯಿತು ಎಂದು. ಸಂಗಮೇಶನ ಮುಖ ನೋಡಿದರು. ಕೊರಳಿಗೆ ಮತ್ತೆ ಹಾಕಿಕೊಂಡ ಅವನ ಬೆಳ್ಳಿ ಕರಡಿಗೆ ಒಣಗಿ, ಥಳಥಳ ಹೊಳೆಯುತ್ತ, ಹೊಟ್ಟೆಯ ಮೇಲೆ ಕೂತಿತ್ತು. ರಾಚಯ್ಯನವರು ಕಂಬಳಿಯ ಮೇಲೆ ಕೂತು, ವಿಭೂತಿ ಹಚ್ಚಿಕೊಂಡು, ತಲೆಯ ಮೇಲೆ ಶಾಲು ಹೊದ್ದುಕೊಂಡರು. ಒಬ್ಬರ ಲಿಂಗ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಅವರು ಮೊದಲಿನಿಂದಲೂ ಶಾಲಿನ ಒಳಗೇ ಪೂಜೆ ಮಾಡುತ್ತಿದ್ದರು. ಆ ಕಟ್ಟುನಿಟ್ಟನ್ನು ಇಳಕಲ್ಲಿನ ಜನ ಹೊಗಳುತ್ತಿದ್ದರು.

ಶಾಲಿನ ಒಳಗೆ ಮಬ್ಬು ಬೆಳಕು, ತಮ್ಮದೇ ಉಸಿರಿನ ಬಿಸಿ, ಒದ್ದೆ ಕೂದಲಿನ ಉಪ್ಪಿನ ವಾಸನೆ. ಎಡ ಅಂಗೈ ಬಿಡಿಸಿದರು. ನಡುವೆ ಆಳದ ಒಂದು ಗೆರೆ, ಹೆಬ್ಬೆರಳ ಬುಡದಲ್ಲಿ ಮರಳಿನ ಒಂದೇ ಕಾಳು. ಇಷ್ಟು ವರ್ಷ ಈ ಅಂಗೈಯನ್ನು ತಾವು ನೋಡಿಯೇ ಇರಲಿಲ್ಲ. ಅದು ದಪ್ಪಗೆ, ಮೆತ್ತಗೆ, ಕೆಲಸ ಮಾಡದವರ ಅಂಗೈಯಾಗಿತ್ತು. ತುಟಿಗಳು ಮಂತ್ರ ಹೇಳತೊಡಗಿದವು. ಎಲ್ಲಿಯಾದರೂ ನಾಲಗೆ ತಡವರಿಸೀತು, ಆಗ ಕಾರಣ ಹೇಳಿ ಎದ್ದುಬಿಡಬಹುದು ಎಂದು ಒಳಗೊಬ್ಬ ಕಾಯುತ್ತಿದ್ದ. ಒಂದು ಅಕ್ಷರವೂ ತಪ್ಪಲಿಲ್ಲ. “ನೀರು” ಎಂದರು. ಬನಶಂಕರಿ ಎಂದಿನಂತೆ ಪಕ್ಕದಲ್ಲಿ ಕೂತು ತಂಬಿಗೆಯ ಬಾಯನ್ನು ಶಾಲಿನ ಸಂದಿಯಿಂದ ಒಳಗೆ ತಂದಳು. ಅವಳ ಮುಖವೂ ಒಳಗೆ ಬಾಗಿತು. ತಂಬಿಗೆ ನಿಂತಿತು. ಎಷ್ಟು ಹೊತ್ತು ನಿಂತಿತೋ, ಹೊರಗೆ ಹುಲ್ಲಪ್ಪ ಕೆಮ್ಮಿದ್ದು ಕೇಳಿಸಿತು. ಆಮೇಲೆ ದಿನಾ ಹಾಕುವಷ್ಟೇ ಸಣ್ಣ ಧಾರೆ, ದಿನಾ ಬೀಳುವ ಜಾಗಕ್ಕೇ, ಬರಿ ಚರ್ಮದ ಮೇಲೆ ಬಿದ್ದು ಕೆಳಗಿನ ಬಟ್ಟಲಿಗೆ ಇಳಿಯಿತು.

ಮೂರು ಸಲ ಹಾಕಿದರು. ಬಸವೇಶ್ವರಿಯವ್ವ ಮೂರು ಸಲ ಕುಡಿದು, ಉಳಿದ ಹಸಿಯನ್ನು ಕಣ್ಣಿಗೆ ಒತ್ತಿಕೊಂಡು, ರೊಟ್ಟಿ ಮುರಿದಳು. ನಾಲ್ಕು ತುತ್ತಿನಲ್ಲಿ ಕೈ ನಡುಗುವುದು ನಿಂತಿತು, ಎಂಟರಲ್ಲಿ ಕಣ್ಣಿಗೆ ಬೆಳಕು ಬಂತು. “ಅಯ್ಯಾರು ಉಣ್ಣವಲ್ರು ನೋಡ್ರಿ, ಅವರಿಗೆ ಹಾಕ್ರಿ” ಎಂದಳು. ಉಂಡರು. ಸಮುದ್ರದಲ್ಲಿ ಬಿದ್ದೆದ್ದ ಮೈಗೆ ಹುಲಿಯಂಥ ಹಸಿವೆಯಿತ್ತು. ಎಣ್ಣೆಗಾಯಿ ಇಷ್ಟು ರುಚಿಯಾಗಿರುತ್ತದೆಂದು ಗೊತ್ತಿರಲಿಲ್ಲ. ನಾಲ್ಕನೆಯ ರೊಟ್ಟಿಗೆ ಕೈ ಚಾಚಿದಾಗ ರಾಚಯ್ಯನವರಿಗೆ ತಮ್ಮ ಕೈಯ ಮೇಲೆ ಅಸಹ್ಯ ಹುಟ್ಟಿತು. ಆದರೂ ರೊಟ್ಟಿ ತೆಗೆದುಕೊಂಡಿತು ಕೈ.

ಹೊನ್ನಾವರಕ್ಕೆ ಮುಕ್ಕಾಲು ತಾಸಿನ ದಾರಿ. ಗಾಡಿಯಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಬನಶಂಕರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. “ನೀ ನೋಡ್ದಿ?” ಎಂದು ಪಿಸುಗುಟ್ಟಿದರು. “ಏನ ನೋಡೂದೈತಿ? ನೀರು ಅಂದ್ರಿ, ಹಾಕಿದ್ಯಾ.” “ನಾ ಏನ್ ಮಾಡ್ಲೇ? ಮುದುಕಿ ಜೀವಾ…” ಅವಳು ತಿರುಗಿ ನೋಡಿದಳು. “ಮುದುಕಿ ಜೀವದ ಹೆಸರು ಯಾಕ ತೊಗೊಂತೀರಿ? ದಾರ ಹರದೈತಿ ಅಂತ ಅಂದಿದ್ರ ಆಕಿ ಏನ್ ನಿಮ್ಮನ್ನ ಕಡೀತಿದ್ಳೇನು?” ಮತ್ತೆ ಕಿಟಕಿಗೆ ತಿರುಗಿ, ದಾರಿಯ ತೆಂಗಿನ ಮರಗಳಿಗೆ ಹೇಳುವವಳ ಹಾಗೆ ಅಂದಳು: “ಮಲಕಪ್ಪ ನಿಮಗಿಂತ ಛಲೋ. ಓಡಿ ಬಂದು ಅಂದಾ.”

ಶರಾವತಿಯ ದಕ್ಕೆಯಲ್ಲಿ ದೋಣಿ ಸಿದ್ಧವಿತ್ತು. ನೀರಿನಲ್ಲೇ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ನಡುವೆ ಒಂದು ಸುತ್ತು ಹಾಕಿಸಿ, ಹೊಳೆ ಸಮುದ್ರಕ್ಕೆ ಕೂಡುವ ಜಾಗ ತೋರಿಸಿ ತರುವುದು. ಹತ್ತುವ ಮೊದಲು ಎಲ್ಲರಿಗೂ ಕಿತ್ತಳೆ ಬಣ್ಣದ ಉಬ್ಬಿದ ಜಾಕೆಟ್ಟು. ಮುಳುಗಿದರೂ ತೇಲಿಸುತ್ತದಂತೆ. ಯಾರ್ಯಾರೋ ಬೆವರಿ ಬಿಚ್ಚಿಟ್ಟದ್ದನ್ನು ತಮ್ಮ ಮೈಗೆ ಹಾಕಿಸಿಕೊಳ್ಳುವಾಗ ರಾಚಯ್ಯನವರ ಮೂಗು ಅರಳಲಿಕ್ಕೆ ಹೋಗಿ, ಯಾಕೋ ನಿಂತಿತು. ಬಕಲು ಹಾಕಲು ಬರಲಿಲ್ಲ. “ಕೊಡ್ರಿ ಇಲ್ಲೆ” ಎಂದು ಸಂಗಮೇಶ ಮುಂದೆ ಬಂದು ಪಟ್ಟಿ ಎಳೆದ. “ಕರಡಿಗಿ ಒತ್ತತೈತೇನ್ರಿ? ಬಾಜೂಕ ಸರಸ್ತೇನಿ ತಡೀರಿ.” ಅವನ ದಪ್ಪ ಬೆರಳುಗಳು ಜಾಕೆಟ್ಟಿನ ಕೆಳಗೆ ನುಗ್ಗಿ ಎಡಕ್ಕೆ ತಡವಿದವು, ಬಲಕ್ಕೆ ತಡವಿದವು, ನಡುವಿಗೆ ಬಂದು ನಿಂತವು. ಸಂಗಮೇಶ ತಲೆ ಎತ್ತಿದ. ಮೊದಲು ಅವನಿಗೆ ತಿಳಿಯಲಿಲ್ಲ. ತಿಳಿಯುತ್ತ ಹೋದದ್ದು ಅವನ ಕಣ್ಣಿನಲ್ಲಿ ಕಾಣಿಸಿತು. ಈಗ ನಗುತ್ತಾನೆ, ಈಗ ಕೂಗುತ್ತಾನೆ ಎಂದು ರಾಚಯ್ಯನವರು ಕಾದರು. ಅವನು ಪಟ್ಟಿಯನ್ನು ಬಿಗಿದು, ಭುಜ ತಟ್ಟಿ, ಕೂಸನ್ನು ಹತ್ತಿಸಿದ ಹಾಗೆ ಕೈ ಹಿಡಿದು ದೋಣಿಗೆ ಹತ್ತಿಸಿದ. “ಸಾವಕಾಶ ಬರ್ರಿ ಅಯ್ಯಾರ.” ಆ ಮೆತ್ತನೆಯ ದನಿ ಕೆನ್ನೆಗೆ ಹೊಡೆದದ್ದಕ್ಕಿಂತ ಉರಿಯಿತು.

ದೋಣಿ ಹೊರಟಿತು. ಎದುರಿನ ಹಲಗೆಯ ಮೇಲೆ ಬಸವೇಶ್ವರಿಯವ್ವ ಜಾಕೆಟ್ಟಿನೊಳಗಿಂದ ಹಕ್ಕಿಯ ಹಾಗೆ ಕತ್ತು ತೆಗೆದು ಕೂತಿದ್ದಳು. ಉಂಡ ಮೇಲಿನ ಸಮಾಧಾನ ಮುಖದ ತುಂಬ ಇತ್ತು. “ಅಯ್ಯಾರ, ಬರೂ ಸೋಮಾರ ಶ್ರುತಿ ಕೂಸಿನ್ನ ಕರಕೊಂಡು ಬರ್ತಾಳ. ಮೊಮ್ಮಗಳ ಕೂಸು, ನಾ ಕಣ್ತುಂಬ ನೋಡೂದೈತಿ. ಅದರ ಕೊರಳಿಗೆ ಲಿಂಗ ಕಟ್ಟೂದು ನಿಮ್ಮ ಕೈಲೇ ಆಗಬೇಕು. ನಿಮ್ಮಂಥ ನೇಮದವರು ಇನ್ನ ಎಲ್ಲಿ ಸಿಗ್ತಾರ?” ಸಂಗಮೇಶ ನೀರಿಗೆ ಬೆರಳು ಬಿಟ್ಟು ಅವರನ್ನೇ ನೋಡುತ್ತಿದ್ದ. ಬನಶಂಕರಿ ತನ್ನ ಬಳೆಗಳನ್ನು ನೋಡುತ್ತಿದ್ದಳು. ಹೂಂ ಅಂದರೆ ಮುಗಿಯಿತು. ಊರಿಗೆ ಹೋಗಿ, ಯಾರಿಗೂ ತಿಳಿಯದ ಹಾಗೆ ದೂರದ ಯಾವುದೋ ಮಠದಲ್ಲಿ ಕಟ್ಟಿಸಿಕೊಂಡು ಬಂದು, ಸೋಮವಾರ ಆ ಎಳೆಯ ಕೊರಳಿಗೆ ಕಟ್ಟಬಹುದು. ಸಂಗಮೇಶ ಬಾಯಿ ಬಿಡುವುದಿಲ್ಲ. ಅದು ಅವನ ಕಣ್ಣಿನಲ್ಲೇ ಇತ್ತು. ಇಲ್ಲಿಂದ ಮುಂದೆ ಜೀವವಿರುವ ತನಕ, ಅವನ ಮನೆಯ ಹೊಸ್ತಿಲು ದಾಟುವಾಗಲೆಲ್ಲ ಅದೇ ಮೆತ್ತನೆಯ ದನಿ: ಸಾವಕಾಶ ಬರ್ರಿ ಅಯ್ಯಾರ.

“ಅವ್ವಾ, ನನ್ನ ಕೊರಳಾಗ ಲಿಂಗ ಇಲ್ಲ” ಎಂದರು. “ಮುಂಜಾನಿ ಸಮುದ್ರದಾಗ ಹೋತು.”

ಮೋಟಾರಿನ ಸದ್ದು ಇದ್ದೇ ಇತ್ತು. ಆದರೂ ಎಲ್ಲರಿಗೂ ಕೇಳಿಸಿತ್ತು. ಬಸವೇಶ್ವರಿಯವ್ವ ಕಣ್ಣು ಕಿರಿದು ಮಾಡಿದಳು. “ಮುಂಜಾನಿ?” “ಹೌದವ್ವಾ.” “ಹಂಗಾರ ಮಧ್ಯಾನ್ನ ನಾ ಕುಡದದ್ದು?” “ನೀರವ್ವಾ. ಬರೇ ನೀರು.” ಸಂಗಮೇಶ ನಡುವೆ ಬಾಯಿ ಹಾಕಿದ: “ಹೋಗ್ಲಿ ಬಿಡು ಯವ್ವಾ, ಈಗ ಮೊಬೈಲ್ನಾಗ ಆರ್ಡರ್ ಮಾಡಿದ್ರ ಲಿಂಗಾನೂ ಮನೀಗೆ ಬರ್ತಾವು.” “ನೀ ಬಾಯಿ ಮುಚ್ಚು” ಎಂದಳು ಆಕೆ, ಮಗನ ಕಡೆ ನೋಡದೆ. ಜಾಕೆಟ್ಟಿನ ಮೇಲಿಂದಲೇ ತನ್ನ ಕೊರಳಿನ ಲಿಂಗ ಮುಟ್ಟಿ ನೋಡಿಕೊಂಡಳು. ಆಮೇಲೆ ಮುಖ ಮೆತ್ತಗಾಯಿತು. “ನನಗ ತಿಳೀತು ಬಿಡ್ರಿ. ಹೇಳಿದ್ರ ಈ ಮುದುಕಿ ಉಣ್ಣೂದಿಲ್ಲ, ಸಾಯ್ತಾಳ ಅಂತ ನನ್ನ ಜೀವ ಉಳಸಾಕ ಹಂಗ ಮಾಡಿದ್ರಿ. ಹೌದಲ್ರಿ?”

ಬಾಗಿಲು ತೆರೆದೇ ಇತ್ತು, ಒಳಗೆ ಹಾಸಿಗೆ ಹಾಸಿತ್ತು. ಹೌದು ಎಂದರೆ ಇದೇ ದೋಣಿಯಲ್ಲಿ, ಇದೇ ಜನರ ನಡುವೆ, ಲಿಂಗ ಕಳೆದೂ ದೊಡ್ಡವರಾಗಬಹುದಿತ್ತು. ಬನಶಂಕರಿ ಈಗ ತಲೆ ಎತ್ತಿದ್ದಳು.

“ಅಲ್ಲವ್ವಾ. ನಿನ್ನ ಸಲುವಾಗಿ ಅಲ್ಲ. ಇಂವಗ ಅಂಜಿ” ಎಂದು ಸಂಗಮೇಶನ ಕಡೆ ಕೈ ಮಾಡಿದರು. “ಮುಂಜಾನಿ ಇಂವಗ ಅಷ್ಟ ಅಂದಿದ್ದೆ. ಇಂವಾ ನಕ್ಕಾನು ಅಂತ.”

ಬಸವೇಶ್ವರಿಯವ್ವ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ನೋಟವನ್ನು ರಾಚಯ್ಯನವರು ಕಂಡಿರಲಿಲ್ಲ. ಹಣ್ಣು ಕೊಳ್ಳುವಾಗ ಆಕೆ ಹೀಗೆ ನೋಡುತ್ತಿದ್ದಿರಬೇಕು. “ಇವನೌನ, ಇಂವಗ ಅಂಜಿದ್ರಾ?” ಎಂದಳು. “ರಾತ್ರಿ ಗ್ವಾಡಿ ಮ್ಯಾಲಿನ ಹಲ್ಲಿಗೆ ಅಂಜತಾನ ಇಂವಾ.” ದೋಣಿ ನಡೆಸುವವನಿಗೂ ನಗು ಬಂತು. ಆಕೆ ನಗಲಿಲ್ಲ. “ನಾಳಿಂದ ನಿಮ್ಮ ತೀರ್ಥಕ್ಕ ನಾ ಕಾಯೂದಿಲ್ಲ. ನನ್ನ ಕೊರಳಾಗೂ ಒಂದ್ ಐತಲ್ರಿ, ನಾನ ನೀರು ಎರಕೊಂತೇನಿ. ಸೋಮಾರ ಮಠದ ಅಜ್ಜಾರನ್ನ ಕರಸ್ತೇನಿ. ಕೂಸಿಗೆ ಕಟ್ಟೂ ಮುಂದ ನೀವೂ ಬಂದು ಅದರ ಮಗ್ಗಲಕ್ಕ ಕೂಡ್ರಿ. ನಿಮಗೂ ಕಟ್ಟತಾರ.”

“ಇಬ್ಬರಿಗೂ ಕೂಸಿನ ಕುಂಚಿಗಿ ಹೊಲಿಸೂಣೇನ್ರಿ ಅತ್ತಿ?” ಎಂದಳು ಶಿವಗಂಗಾ, ತಡೆಯಲಾರದೆ. ಮೊದಲು ಬನಶಂಕರಿಯ ಭುಜ ಕುಣಿಯಿತು. ಆಮೇಲೆ ದೋಣಿಯೇ ಕುಣಿಯಿತು. ಸಂಗಮೇಶನ ಮಾವ ಹಲ್ಲಿಲ್ಲದ ಬಾಯಿ ತೆರೆದು, ಹುಲ್ಲಪ್ಪ ಮುಖ ಆಚೆ ತಿರುಗಿಸಿ, ಕೊನೆಗೆ ಮುದುಕಿಯೂ. ರಾಚಯ್ಯನವರು ಯಾರದಾದರೂ ತಪ್ಪು ಸಿಕ್ಕೀತೇ ಎಂದು ಆ ಮುಖಗಳ ಮೇಲೆ ಕಣ್ಣು ಹಾಯಿಸಿದರು, ಅಭ್ಯಾಸ. ನಗುವ ಮುಖಗಳಷ್ಟೇ ಇದ್ದವು. ಇಂಥ ಹೊತ್ತಿನಲ್ಲಿ ಮನುಷ್ಯ ಮಾಡಬೇಕಾದದ್ದು ಏನೆಂದು ಅವರಿಗೆ ಗೊತ್ತಿತ್ತು, ಎಷ್ಟೋ ಜನರಿಂದ ಮಾಡಿಸಿದ್ದರು. ತಲೆ ತಗ್ಗಿಸಲು ನೋಡಿದರು. ಸಂಗಮೇಶ ಬಿಗಿದು ಕಟ್ಟಿದ ಜಾಕೆಟ್ಟಿನ ಉಬ್ಬಿದ ಕೊರಳಪಟ್ಟಿ ಗದ್ದಕ್ಕೆ ತಾಗಿ, ಬಗ್ಗಲಿಕ್ಕೆ ಬಿಡಲಿಲ್ಲ. ಮುಖವನ್ನು ಎಲ್ಲರೆದುರು ಹಾಗೆಯೇ ಎತ್ತಿ ಹಿಡಿದುಕೊಂಡು, ಹೊಳೆ ಸಮುದ್ರಕ್ಕೆ ಕೂಡುವ ಕಡೆ ಹೊರಳಿದ ದೋಣಿಯಲ್ಲಿ ಅವರು ಕೂತರು.